ಬಾಳುವುದಕ್ಕೆ ಯೋಗ್ಯವಾದ ಊರು ಯಾವುದು?

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯ ಏರಿಯ ಮೇಲೆ ಭಾನುವಾರದ ಸಂಜೆ ನಿಂತು ನೋಡಿದವರಿಗೆ, ಲೋಕದಲ್ಲಿ ಇದಕ್ಕಿಂತ ರಮ್ಯವಾದ ನೆಲೆ ಇನ್ನೊಂದಿರಲಾರದೆಂದು ತೋರುವುದು ಸಹಜ. ಎರಡು ಕಲ್ಲುಬೆಟ್ಟಗಳ ನಡುವಣ ಕಣಿವೆಗೆ ಅಡ್ಡಲಾಗಿ ಹಿರಿಯರು ಕಟ್ಟಿದ ಏರಿ, ಅದರ ಹಿಂದೆ ತಿಳಿನೀರಿನ ಹರವು, ಮುಂದೆ ಅಚ್ಚುಕಟ್ಟಿನ ಹಸುರು, ಊರೊಳಗೆ ಹೊಯ್ಸಳರ ಕಾಲದ ದೇವಾಲಯಗಳು. ಮೈಸೂರಿನಿಂದಲೂ ಬೆಂಗಳೂರಿನಿಂದಲೂ ವಾಹನಗಳಲ್ಲಿ ಬಂದಿಳಿಯುವ ಪಟ್ಟಣಿಗರು, ಇಂಥ ಸ್ಥಳವನ್ನು ಬಿಟ್ಟು ಆ ಹೊಗೆಯಲ್ಲಿ ತಾವೇಕೆ ಬಿದ್ದಿದ್ದೇವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದುಂಟು. ಅಂಥ ಮಾತೊಂದನ್ನು ಕೇಳಿಸಿಕೊಂಡ ಹಿರಿಯ ರೈತರೊಬ್ಬರು ನಮ್ಮ ಇದಿರಿಗೇ ಕೊಟ್ಟ ಉತ್ತರವಿದು: "ನೋಡೋ ಊರೇ ಬ್ಯಾರೆ ಸ್ವಾಮಿ, ಬಾಳೋ ಊರೇ ಬ್ಯಾರೆ. ನಿಮಗಿದು ನೋಡೋ ಊರು. ನನ್ನ ಮಗ ಬೆಂಗ್ಳೂರಲ್ಲವ್ನೆ."

ಈ ಉತ್ತರವನ್ನು ವಿನೋದವೆಂದು ತಳ್ಳಿಹಾಕಲಾಗದು. ಮಗನಿಗೆ ಎಲ್ಲಿ ಉದ್ಯೋಗ ನೋಡಬೇಕು, ಮಗಳನ್ನು ಯಾವ ಊರಿಗೆ ಕೊಡಬೇಕು, ವಿಶ್ರಾಂತಿವೇತನ ಬಂದ ಮೇಲೆ ಎಲ್ಲಿ ಮನೆ ಕಟ್ಟಬೇಕು ಎಂಬ ಯೋಚನೆ ಬಾರದ ಗೃಹಸ್ಥನಿಲ್ಲ. ಕೆಟ್ಟು ಪಟ್ಟಣ ಸೇರು ಎಂದು ನಮ್ಮ ಹಿಂದಿನವರು ಹೇಳಿದರು. ಆ ಗಾದೆಯಲ್ಲಿ ಪಟ್ಟಣದ ಹೊಗಳಿಕೆಯೆಷ್ಟಿದೆಯೋ, ಹಳ್ಳಿಯಲ್ಲಿ ಕೆಟ್ಟವನಿಗೆ ಹಳ್ಳಿಯಲ್ಲಿಯೇ ದಿಕ್ಕಿಲ್ಲವೆಂಬ ಕಹಿಯೂ ಅಷ್ಟೇ ಇದೆ. ಈಚೆಗಂತೂ ಸರ್ಕಾರಗಳೂ ಪತ್ರಿಕೆಗಳೂ ಊರುಗಳಿಗೆ ಅಂಕಗಳನ್ನು ಕೊಟ್ಟು, ಇದು ಮೊದಲನೆಯದು, ಇದು ಕೊನೆಯದು ಎಂದು ಪಟ್ಟಿ ಹಾಕತೊಡಗಿವೆ. ಆ ಪಟ್ಟಿಗಳು ಯಾವುದನ್ನು ಹೇಳುತ್ತವೆ, ಯಾವುದನ್ನು ಹೇಳುವುದಿಲ್ಲ ಎಂಬುದನ್ನು ತೊಣ್ಣೂರಿನ ಏರಿಯ ಮೇಲೆ ನಿಂತು ಪರ್ಯಾಲೋಚಿಸುವುದು ಅಪ್ರಕೃತವಾಗಲಾರದು.

ಈ ವಿಷಯದಲ್ಲಿ ಹೆಚ್ಚು ಉತ್ಸಾಹವನ್ನು ತೋರಿದವರು ಬ್ರಿಟಿಷರು. ೨೦೦೩ರಲ್ಲಿ ಅಲ್ಲಿ ಪ್ರಕಟವಾದ ಒಂದು ಪರಿಹಾಸ್ಯದ ಪುಸ್ತಕವು, ಓದುಗರು ಬರೆದು ಕಳುಹಿಸಿದ ದೂರುಗಳನ್ನು ಆಧಾರವಾಗಿಟ್ಟುಕೊಂಡು, ದೇಶದಲ್ಲೆಲ್ಲ ಹೀನವಾದ ಊರು ಹಲ್ ಎಂದು ಸಾರಿತು. ೨೦೦೫ರಲ್ಲಿ ಅಂಕಿ ಅಂಶಗಳನ್ನು ಹಿಡಿದು ನಡೆಸಿದ ಒಂದು ದೂರದರ್ಶನ ಕಾರ್ಯಕ್ರಮವೂ ಆ ತೀರ್ಪನ್ನೇ ಎತ್ತಿಹಿಡಿಯಿತು. ಹಲ್ ಎಂಬುದು ಪೂರ್ವ ತೀರದ ಬಂದರು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸನು ೧೭೫೯ರಲ್ಲಿ ಹುಟ್ಟಿದ ಊರು. ಎರಡನೆಯ ಮಹಾಯುದ್ಧದಲ್ಲಿ ವಿಮಾನದಾಳಿಯಿಂದ ಬಹಳವಾಗಿ ಹಾನಿಗೊಂಡು, ಅನಂತರ ಮೀನುಗಾರಿಕೆಯೂ ಕೈಬಿಟ್ಟು ಬಡವಾದ ಪಟ್ಟಣ. ಹೀನವೆನಿಸಿಕೊಂಡ ಆ ಊರೇ ೨೦೧೭ರಲ್ಲಿ ಇಡೀ ಬ್ರಿಟನ್ನಿನ ಸಂಸ್ಕೃತಿ ನಗರವೆಂದು ಆಯ್ಕೆಯಾಗಿ ವರ್ಷವಿಡೀ ಉತ್ಸವವನ್ನು ನಡೆಸಿತು. ಹನ್ನೆರಡು ವರ್ಷಗಳಲ್ಲಿ ಆ ಊರಿನ ನೆಲ ಜಲಗಳು ಬದಲಾಗಲಿಲ್ಲ. ಬದಲಾದದ್ದು ಅದನ್ನು ಅಳೆದ ಕೋಲು, ಮತ್ತು ಆ ಊರಿನವರು ತಮ್ಮ ಊರಿಗಾಗಿ ಪಟ್ಟ ಶ್ರಮ.

ನಮ್ಮ ದೇಶದಲ್ಲಿಯೂ ಇಂಥ ಅಳತೆ ಬಂದಿದೆ. ಕೇಂದ್ರ ಸರ್ಕಾರವು ೨೦೧೮ರಲ್ಲಿ ೧೧೧ ನಗರಗಳನ್ನು ತೂಗಿ ಸುಗಮ ಜೀವನದ ಸೂಚ್ಯಂಕವನ್ನು ಪ್ರಕಟಿಸಿದಾಗ ಪುಣೆಯು ಮೊದಲನೆಯದಾಗಿ, ಬೆಂಗಳೂರು ೫೮ನೆಯದಾಗಿ ನಿಂತಿತು. ೨೦೨೧ರ ಮಾರ್ಚಿಯಲ್ಲಿ ಮುಂದಿನ ಪಟ್ಟಿ ಹೊರಬಿದ್ದಾಗ, ಹತ್ತು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯುಳ್ಳ ೪೯ ನಗರಗಳ ಪೈಕಿ ಬೆಂಗಳೂರೇ ಪ್ರಥಮ! ಈ ನಡುವೆ ಬೆಂಗಳೂರಿನ ರಸ್ತೆಗಳು ಅಗಲವಾದುವೆಂದಾಗಲಿ, ಕೆರೆಗಳು ತಿಳಿಯಾದುವೆಂದಾಗಲಿ ಅಲ್ಲಿಯ ನಿವಾಸಿಗಳಾರೂ ಹೇಳುವುದನ್ನು ನಾವು ಕೇಳಲಿಲ್ಲ. ಸಂಗತಿಯೇನೆಂದರೆ, ಎರಡನೆಯ ಸಲ ಅಳತೆಯ ಕ್ರಮವೇ ಬೇರೆಯಾಗಿತ್ತು. ಜೀವನಮಟ್ಟ, ಆರ್ಥಿಕ ಸಾಮರ್ಥ್ಯ, ಬಾಳಿಕೆ, ನಾಗರಿಕರ ಅಭಿಪ್ರಾಯ ಎಂಬ ನಾಲ್ಕು ಭಾಗಗಳಲ್ಲಿ ಅಂಕಗಳನ್ನು ಹಂಚಲಾಗಿತ್ತು. ಜೀವನಮಟ್ಟದಲ್ಲಿ ಮುಂದಿದ್ದುದು ಚೆನ್ನೈ. ಆರ್ಥಿಕ ಸಾಮರ್ಥ್ಯದಲ್ಲಿ ಉಳಿದೆಲ್ಲವನ್ನೂ ದೂರ ಹಿಂದಿಕ್ಕಿದ್ದು ಬೆಂಗಳೂರು. ಸಂಪಾದನೆಗೆ ಅನುಕೂಲವಾದ ಊರು ಬಾಳಿಗೂ ಅನುಕೂಲವೆಂದು ಹೀಗೆ ಒಂದು ಮೊತ್ತದಲ್ಲಿ ತೀರ್ಮಾನವಾಗಿ ಹೋಯಿತು.

ನಮ್ಮ ಪೂರ್ವಿಕರಿಗೆ ಈ ಪ್ರಶ್ನೆ ಹೊಸದಲ್ಲ. ಚಾಣಕ್ಯನ ಹೆಸರಿನಲ್ಲಿ ಪ್ರಚಲಿತವಾಗಿರುವ ನೀತಿಸಂಗ್ರಹವು, ಧನಿಕ, ವಿದ್ವಾಂಸ, ಅರಸು, ನದಿ, ವೈದ್ಯ ಈ ಐದು ಇಲ್ಲದ ಊರಿನಲ್ಲಿ ಒಂದು ದಿನವೂ ನಿಲ್ಲಬಾರದೆಂದು ವಿಧಿಸುತ್ತದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಸಾಲ ದೊರೆಯುವ ಬ್ಯಾಂಕು, ಶಾಲೆ, ನ್ಯಾಯವನ್ನು ಕೊಡುವ ಆಡಳಿತ, ನೀರು, ಆಸ್ಪತ್ರೆ. ಸರ್ಕಾರದ ನೂರಾರು ಅಂಕಣಗಳೂ ಕಡೆಗೆ ಬಂದು ಸೇರುವುದು ಈ ಐದಕ್ಕೇ. ಆದರೆ ಈ ಐದೂ ಒಂದು ಊರಿಗೆ ಹುಟ್ಟಿನಿಂದ ಬಂದ ಲಕ್ಷಣಗಳೋ, ಮನುಷ್ಯರು ತಂದಿರಿಸಿ ಕಾಪಾಡಿಕೊಳ್ಳಬೇಕಾದ ವಸ್ತುಗಳೋ ಎಂಬುದನ್ನು ವಿಚಾರಿಸಬೇಕು. ಅದಕ್ಕೆ ನಮ್ಮ ಸೀಮೆಯ ಚರಿತ್ರೆಗಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

ತೊಣ್ಣೂರನ್ನೇ ತೆಗೆದುಕೊಳ್ಳೋಣ. ಹನ್ನೆರಡನೆಯ ಶತಮಾನದಲ್ಲಿ ಇದು ತೊಂಡನೂರು. ಶಾಸನಗಳಲ್ಲಿ ಯಾದವ ನಾರಾಯಣ ಚತುರ್ವೇದಿಮಂಗಲವೆಂಬ ಹೆಸರಿನ ಅಗ್ರಹಾರ. ರಾಮಾನುಜಾಚಾರ್ಯರು ಚೋಳದೇಶವನ್ನು ಬಿಟ್ಟು ಬಂದು ಇಲ್ಲಿ ನೆಲೆಸಿದ್ದರೆಂದೂ, ಹೊಯ್ಸಳ ವಿಷ್ಣುವರ್ಧನನು ಇಲ್ಲಿಯೇ ಅವರನ್ನು ಕಂಡನೆಂದೂ ಪರಂಪರೆಯು ಹೇಳುತ್ತದೆ. ನಂಬಿ ನಾರಾಯಣನ ದೇವಾಲಯವು ಇಂದಿಗೂ ಆ ಕಾಲವನ್ನು ನೆನಪಿಗೆ ತರುತ್ತಿದೆ. ದೇಶಾಂತರದಿಂದ ಬಂದವರಿಗೆ ಆಶ್ರಯವಾದ ಊರಿದು. ೧೩೨೭ರ ಸುಮಾರಿನಲ್ಲಿ ದೋರಸಮುದ್ರವು ದೆಹಲಿಯ ಸೈನ್ಯದ ಪಾಲಾಗಿ ಹಾಳಾದ ಬಳಿಕ, ಮೂರನೆಯ ಬಲ್ಲಾಳನು ಇಲ್ಲಿಗೆ ಬಂದು ನಿಂತನೆಂದು ಹೇಳಲಾಗಿದೆ. ಕೆಲಕಾಲ ಇದು ರಾಜನಿದ್ದ ಊರು. ಧನಿಕ, ವಿದ್ವಾಂಸ, ಅರಸು, ನೀರು ನಾಲ್ಕೂ ಇದ್ದ ಕಾಲವದು.

ಹೊಯ್ಸಳ ವಂಶವು ಅಳಿಯಿತು. ಅರಸನೊಡನೆ ದಾನವೂ, ದಾನದೊಡನೆ ವಿದ್ವಾಂಸರೂ ಹೋದರು. ಚಾಣಕ್ಯನ ಪಟ್ಟಿಯಂತೆ ಅಂದೇ ಬಿಟ್ಟುಹೋಗಬೇಕಾಗಿದ್ದ ಈ ಊರು ಉಳಿದುಕೊಂಡದ್ದು ಕೆರೆಯಿಂದ. ೧೭೪೬ರಲ್ಲಿ ಈ ದಾರಿಯಾಗಿ ಬಂದ ದಖ್ಖನ್ನಿನ ಸುಬೇದಾರನ ಮಗ ನಾಸಿರ್ ಜಂಗನು ನೀರಿನ ತಿಳಿಯನ್ನು ಮೆಚ್ಚಿ ಇದಕ್ಕೆ ಮೋತಿ ತಲಾಬು, ಎಂದರೆ ಮುತ್ತಿನ ಕೆರೆ ಎಂದು ಹೆಸರಿಟ್ಟನೆಂಬುದು ಪ್ರತೀತಿ. ಅರಸರು ಹೆಸರಿಟ್ಟು ಹೋದರು. ಏರಿಗೆ ಮಣ್ಣು ಹೊತ್ತು, ತೂಬನ್ನು ಕಾಯ್ದು, ನೀರನ್ನು ಸರದಿಯಂತೆ ಹಂಚಿಕೊಂಡು ಊರನ್ನು ಊರಾಗಿ ಉಳಿಸಿದವರು ಹೆಸರಿಲ್ಲದ ಒಕ್ಕಲುಮಕ್ಕಳು.

ತೊಣ್ಣೂರಿನಿಂದ ಕೆಲವೇ ಹರದಾರಿ ದೂರದ ಶ್ರೀರಂಗಪಟ್ಟಣದ ಕಥೆ ಇದಕ್ಕೆ ವಿರುದ್ಧವಾದುದು. ಟಿಪ್ಪು ಸುಲ್ತಾನನ ಕಾಲದಲ್ಲಿ ಆ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕೆಂದು, ೧೮೦೦ರಲ್ಲಿ ಈ ದೇಶವನ್ನು ಸಂಚರಿಸಿ ವರದಿ ಬರೆದ ಬುಕಾನನ್ ಎಂಬ ವೈದ್ಯನು ಅಂದಾಜು ಮಾಡಿದನು. ಅವನು ಬಂದಾಗ ಅಲ್ಲಿದ್ದವರು ಸುಮಾರು ಮೂವತ್ತೆರಡು ಸಾವಿರ ಮಂದಿ. ೧೭೯೯ರ ಮೇ ೪ರಂದು ಕೋಟೆ ಬಿದ್ದಿತು. ರಾಜಧಾನಿ ಮೈಸೂರಿಗೆ ಹೋಯಿತು. ಗೆದ್ದವರ ದಂಡು ಮಾತ್ರ ಅಲ್ಲಿ ನಿಂತಿತು. ಆ ದಂಡನ್ನು ಶತ್ರುಗಳಾರೂ ಸೋಲಿಸಲಿಲ್ಲ, ಚಳಿಜ್ವರ ಸೋಲಿಸಿತು. ೧೮೦೯ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿದರು. ಇಂದಿನ ಬೆಂಗಳೂರಿನ ದಂಡುಪ್ರದೇಶವೂ, ಅದರ ಸುತ್ತ ಬೆಳೆದ ವೈಭವವೂ ಹುಟ್ಟಿದ್ದು ಹೀಗೆ ಶ್ರೀರಂಗಪಟ್ಟಣದ ಜ್ವರದಿಂದ. ಒಂದು ಊರು ಕೆಟ್ಟದ್ದೆನಿಸಿಕೊಂಡಿತು. ಮತ್ತೊಂದು ಊರಿಗೆ ಭಾಗ್ಯ ಬಂದಿತು.

ಅಂದಿನವರು ಇದಕ್ಕೆ ಹೇಳಿದ ಕಾರಣ ಕೆಟ್ಟ ಗಾಳಿ. ಮಲೇರಿಯವೆಂಬ ಶಬ್ದದ ಅರ್ಥವೇ ಅದು. ಗಾಳಿ ಕೆಟ್ಟಿದೆಯೆಂದ ಮೇಲೆ ಮಾಡುವುದೇನು? ಬಿಟ್ಟುಹೋಗುವುದೇ ಸರಿ. ೧೮೯೭ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯನು ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಬೀಜವನ್ನು ಕಂಡುಹಿಡಿದನು. ಆ ದಿನದಿಂದ ಊರುಗಳ ಮೇಲಿದ್ದ ಅಪವಾದವು ತೊಲಗಿತೆನ್ನಬೇಕು. ತಪ್ಪು ಗಾಳಿಯದಲ್ಲ, ನೆಲದ್ದೂ ಅಲ್ಲ, ನಿಂತ ನೀರಿನದು. ನಿಂತ ನೀರನ್ನು ಹರಿಸುವುದು ಮನುಷ್ಯರ ಕೈಲಿರುವ ಕೆಲಸ. ದೇವರು ಶಪಿಸಿದ ಊರೆಂಬುದಿಲ್ಲ, ಮೋರಿ ತೆಗೆಯದ ಊರೆಂಬುದುಂಟು.

ಇಂಗ್ಲೆಂಡಿನವರು ತಮ್ಮ ದೇಶದ ವಿಷಯದಲ್ಲಿ ಈ ಸತ್ಯವನ್ನು ರಾಸನಿಗಿಂತ ಐವತ್ತು ವರ್ಷ ಮುಂಚೆಯೇ ಅಂಕೆಗಳಲ್ಲಿ ಕಂಡಿದ್ದರು. ೧೮೪೨ರಲ್ಲಿ ಎಡ್ವಿನ್ ಚಾಡ್ವಿಕ್ ಎಂಬ ಅಧಿಕಾರಿಯು ಕೂಲಿಕಾರರ ಆರೋಗ್ಯಸ್ಥಿತಿಯನ್ನು ಕುರಿತು ಪಾರ್ಲಿಮೆಂಟಿಗೆ ವರದಿಯನ್ನೊಪ್ಪಿಸಿದನು. ಗಿರಣಿಗಳ ನಗರವಾದ ಮ್ಯಾಂಚೆಸ್ಟರಿನಲ್ಲಿ ಸತ್ತ ಕೂಲಿಕಾರರ ಸರಾಸರಿ ವಯಸ್ಸು ೧೭. ಹಳ್ಳಿಗಾಡಾದ ರಟ್ಲೆಂಡಿನಲ್ಲಿ ೩೮. ಎಳೆಯ ಮಕ್ಕಳ ಮರಣವು ಈ ಸರಾಸರಿಯನ್ನು ಬಹಳವಾಗಿ ಇಳಿಸಿದ್ದಿತು. ಇಷ್ಟೇ ಆಗಿದ್ದರೆ ಹಳ್ಳಿ ಮೇಲು, ಪಟ್ಟಣ ಕೀಳು ಎಂದು ಮುಗಿಸಬಹುದಾಗಿತ್ತು. ಆದರೆ ಅದೇ ವರದಿಯಲ್ಲಿ ಮ್ಯಾಂಚೆಸ್ಟರಿನ ಸಿರಿವಂತರ ಸರಾಸರಿ ೩೮, ರಟ್ಲೆಂಡಿನ ಸಿರಿವಂತರದು ೫೨. ಪಟ್ಟಣದ ಧನಿಕನೂ ಹಳ್ಳಿಯ ಕೂಲಿಯೂ ಸಮವಾಗಿ ಬಾಳಿದರು. ಒಂದೇ ಪಟ್ಟಣದ ಧನಿಕನಿಗೂ ಕೂಲಿಗೂ ಇಪ್ಪತ್ತೊಂದು ವರ್ಷದ ಅಂತರ. ಮ್ಯಾಂಚೆಸ್ಟರು ಒಂದು ಊರಲ್ಲ, ಎರಡು ಊರು ಎಂಬುದನ್ನು ಆ ಅಂಕೆಗಳು ತೋರಿಸಿಕೊಟ್ಟವು. ಈ ವರದಿಯ ಫಲವಾಗಿಯೇ ೧೮೪೮ರ ಸಾರ್ವಜನಿಕ ಆರೋಗ್ಯದ ಕಾಯಿದೆ ಬಂದಿತು. ಅಂದಿನ ಅಂಕೆಗಳು ಮೋರಿ ತೋಡಿಸುವುದಕ್ಕೆ ಕಾರಣವಾದವು. ಇಂದಿನ ಪಟ್ಟಿಗಳು ಬಹಳಮಟ್ಟಿಗೆ ಜಾಹೀರಾತಿಗೆ ಕಾರಣವಾಗುತ್ತಿವೆ.

ನಮ್ಮಲ್ಲಿಯೂ ಅಂಥ ಪ್ರಯತ್ನ ನಡೆಯದೆ ಇರಲಿಲ್ಲ. ೧೮೯೮ರಲ್ಲಿ ಪ್ಲೇಗು ಬೆಂಗಳೂರನ್ನೂ ಬಳಿಕ ಮೈಸೂರನ್ನೂ ಹೊಕ್ಕಾಗ, ಜನರು ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. ಆ ಭಯದಿಂದಲೇ ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ, ಅಗಲವಾದ ಬೀದಿಗಳ ಹೊಸ ಬಡಾವಣೆಗಳನ್ನು ನಿರ್ಮಿಸುವ ಕೆಲಸವು ಎರಡು ನಗರಗಳಲ್ಲಿಯೂ ವೇಗವಾಗಿ ಸಾಗಿತು. ೧೯೦೩ರಲ್ಲಿ ಮೈಸೂರಿಗೆ ನಗರಾಭಿವೃದ್ಧಿಯ ವಿಶ್ವಸ್ತ ಮಂಡಲಿಯು ಏರ್ಪಟ್ಟಿತು. ೨೦೧೫ರಲ್ಲಿ ೪೭೬ ನಗರಗಳ ಸ್ವಚ್ಛತೆಯನ್ನು ಪರೀಕ್ಷಿಸಿದಾಗಲೂ, ೨೦೧೬ರಲ್ಲಿ ೭೩ ನಗರಗಳನ್ನು ಪರೀಕ್ಷಿಸಿದಾಗಲೂ ಮೈಸೂರು ಮೊದಲನೆಯದಾಗಿ ನಿಂತಿತಷ್ಟೆ. ಆ ಕೀರ್ತಿಯಲ್ಲಿ ಪ್ರತಿದಿನ ಬೆಳಗಿನ ಜಾವದಲ್ಲಿ ಬೀದಿಗಿಳಿಯುವ ಪೌರಕಾರ್ಮಿಕರ ಪಾಲು ದೊಡ್ಡದು. ನೂರು ವರ್ಷ ಮುಂಚೆ ಮೋರಿಯ ಇಳಿಜಾರನ್ನು ಲೆಕ್ಕಹಾಕಿದ ಎಂಜಿನಿಯರರ ಪಾಲೂ ಇದೆ. ೨೦೧೭ರಲ್ಲಿ ಇಂದೋರು ಮುಂದೆ ಬಂದಿತು. ಒಮ್ಮೆ ಬಂದ ಒಳ್ಳೆಯ ಹೆಸರು ತಾನಾಗಿ ನಿಲ್ಲುವುದಿಲ್ಲವೆಂಬುದಕ್ಕೆ ಇದೂ ಸಾಕ್ಷಿ.

ಇನ್ನು ನಮ್ಮ ಮಂಡ್ಯದ ಸೀಮೆ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯು ೧೯೩೦ರ ದಶಕದ ಮೊದಲಿನಲ್ಲಿ ಪೂರ್ತಿಯಾಗಿ, ಅಂದು ಇರ್ವಿನ್ ನಾಲೆಯೆಂದೂ ಇಂದು ವಿಶ್ವೇಶ್ವರಯ್ಯ ನಾಲೆಯೆಂದೂ ಕರೆಯಲ್ಪಡುವ ಕಾಲುವೆಯಲ್ಲಿ ಕಾವೇರಿ ಹರಿದಳು. ರಾಗಿ ಹುರುಳಿಗಳೂ ನೆಚ್ಚಿಗೆಯಿಲ್ಲದಿದ್ದ ನೆಲದಲ್ಲಿ ಬತ್ತ ಕಬ್ಬುಗಳು ಬೆಳೆದುವು. ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆ ಎದ್ದಿತು. ೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯೇ ಆಯಿತು. ಇಷ್ಟು ಒಳಿತಿನ ಬೆಲೆಯನ್ನು ಕೊಟ್ಟವರೂ ಉಂಟು. ಹಳೆಯ ಕನ್ನಂಬಾಡಿಯೂ ನೆರೆಯ ಗ್ರಾಮಗಳೂ ಜಲಾಶಯದಡಿ ಮುಳುಗಿದುವು. ನಾಲೆಯ ನೀರು ಬಸಿದು ನಿಂತ ಕಡೆಗಳಲ್ಲಿ ಶ್ರೀರಂಗಪಟ್ಟಣದ ಹಳೆಯ ಜ್ವರವು ಮತ್ತೆ ತಲೆಯೆತ್ತಿತು. ಬೆಳೆ ಬಂದ ಮನೆಯಲ್ಲಿ ಉಣ್ಣುವವರು ಹಾಸಿಗೆ ಹಿಡಿದರು. ಈ ಸಲ ಊರು ಬಿಡುವ ಮಾತು ಬರಲಿಲ್ಲ. ಮೈಸೂರು ಸಂಸ್ಥಾನವು ರಾಕಿಫೆಲರ್ ಪ್ರತಿಷ್ಠಾನದ ನೆರವಿನಿಂದ ಸೊಳ್ಳೆಗಳನ್ನು ಕುರಿತು ಸಂಶೋಧನೆ ನಡೆಸಿ ನಿವಾರಣೋಪಾಯಗಳನ್ನು ಕೈಕೊಂಡಿತು. ೧೯೫೩ರಲ್ಲಿ ದೇಶವಿಡೀ ಮಲೇರಿಯ ನಿಯಂತ್ರಣದ ಕಾರ್ಯ ಆರಂಭವಾಯಿತು. ೧೮೦೯ರಲ್ಲಿ ದಂಡನ್ನು ಓಡಿಸಿದ ರೋಗವನ್ನು ಒಂದೂವರೆ ಶತಮಾನದ ನಂತರ ಅದೇ ನೆಲದಲ್ಲಿ ನಿಂತು ಹಿಂದಕ್ಕಟ್ಟಲಾಯಿತು. ಬಿಟ್ಟುಹೋಗುವುದಕ್ಕೂ ನಿಂತು ಸರಿಪಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನಮಗೆ ತಿಳಿಯದು.

ಈಗ ಪ್ರಥಮಸ್ಥಾನವನ್ನು ಪಡೆದ ಬೆಂಗಳೂರಿನ ಕಡೆಗೆ ಮತ್ತೊಮ್ಮೆ ನೋಡೋಣ. ಚಾಣಕ್ಯನ ಐದರಲ್ಲಿ ನಾಲ್ಕು ಅಲ್ಲಿ ಹೇರಳವಾಗಿವೆ. ಐದನೆಯದಾದ ನದಿ ಇಲ್ಲ. ಆ ಕೊರತೆಯನ್ನು ತುಂಬುತ್ತಿರುವುದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಯಂತ್ರಾಗಾರ. ಅಲ್ಲಿಂದ ಕಾವೇರಿಯ ನೀರನ್ನು ಸುಮಾರು ನೂರು ಕಿಲೋಮೀಟರು ದೂರ, ಸುಮಾರು ಐನೂರು ಮೀಟರು ಎತ್ತರಕ್ಕೆ ತಳ್ಳಿ ಬೆಂಗಳೂರಿಗೆ ಕೊಡಲಾಗುತ್ತಿದೆ. ೨೦೧೮ರ ಕಾವೇರಿ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕಕ್ಕೆ ಹೆಚ್ಚಾಗಿ ಕೊಟ್ಟ ೧೪.೭೫ ಟಿ.ಎಂ.ಸಿ. ನೀರಿನಲ್ಲಿ ೪.೭೫ ಟಿ.ಎಂ.ಸಿ.ಯನ್ನು ಬೆಂಗಳೂರಿನವರ ಕುಡಿಯುವ ನೀರಿಗೆಂದೇ ಹೇಳಿತು. ಆದರೂ ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ದೇಶದ ಅತ್ಯುತ್ತಮ ನಗರವೆಂದು ಬಿರುದು ಪಡೆದ ಊರಿನಲ್ಲಿ ಜನರು ನೀರಿನ ಲಾರಿಗಳ ಹಿಂದೆ ಬಿಂದಿಗೆ ಹಿಡಿದು ನಿಂತರು. ಅದೇ ವರ್ಷದ ಅಕ್ಟೋಬರಿನಲ್ಲಿ ದಿನಕ್ಕೆ ೭೭.೫ ಕೋಟಿ ಲೀಟರು ನೀರನ್ನು ತರುವ ಐದನೆಯ ಹಂತದ ಯೋಜನೆಯು ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾಯಿತು.

ಬೆಂಗಳೂರಿನವರು ನೀರು ಕುಡಿಯಬಾರದೆಂದು ಹೇಳುವಷ್ಟು ಅವಿವೇಕಿಗಳು ನಾವಲ್ಲ. ಅಲ್ಲಿರುವವರಲ್ಲಿ ಅರ್ಧದಷ್ಟು ಮಂದಿ ನಮ್ಮ ಮಕ್ಕಳೇ ಎಂದರೂ ತಪ್ಪಾಗದು. ನಮ್ಮ ಪ್ರಶ್ನೆ ಬೇರೆ. ಬೆಂಗಳೂರಿಗೆ ಬಂದ ಅಂಕಗಳಲ್ಲಿ ಮಂಡ್ಯದ ಪಾಲು ಎಷ್ಟು? ಒಂದು ಊರು ಬಾಳಲು ಯೋಗ್ಯವಾಗುವುದಕ್ಕೆ ನೀರು, ಅನ್ನ, ದುಡಿಯುವ ಕೈಗಳು ಇವೆಲ್ಲವನ್ನೂ ಕೊಟ್ಟ ಹಳ್ಳಿಯ ಹೆಸರು ಆ ಪಟ್ಟಿಯ ಯಾವ ಮೂಲೆಯಲ್ಲಿದೆ? ನೂರ ಹನ್ನೊಂದು ನಗರಗಳನ್ನು ತೂಗಿದ ತಕ್ಕಡಿಯಲ್ಲಿ ತೊಣ್ಣೂರಿನಂಥ ಊರುಗಳು ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ಅವು ಇಲ್ಲವೇ ಇಲ್ಲ.

ಹಾಗಾದರೆ ಹಳ್ಳಿಯೆಲ್ಲ ಸ್ವರ್ಗ, ಪಟ್ಟಣವೆಲ್ಲ ನರಕವೆಂದು ಹಾಡಿಕೊಂಡು ಕೂಡೋಣವೇ? ಅದು ನಮ್ಮನ್ನು ನಾವು ವಂಚಿಸಿಕೊಂಡಂತೆ. ೨೦೨೩ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆಮಹದೇಶ್ವರನ ಬೆಟ್ಟಕ್ಕೆ ಯುವಕರ ಗುಂಪೊಂದು ಪಾದಯಾತ್ರೆ ಹೊರಟಿತು. ಹೊಲ ಗದ್ದೆಗಳನ್ನುಳ್ಳ, ಮೂವತ್ತು ದಾಟಿದ ಅವಿವಾಹಿತ ರೈತರು ತಮಗೆ ಹೆಣ್ಣು ದೊರಕಲೆಂದು ಮಾದಪ್ಪನಲ್ಲಿ ಬೇಡಿಕೊಳ್ಳಲು ಹೊರಟ ಯಾತ್ರೆ ಅದು. ಪತ್ರಿಕೆಗಳು ನಕ್ಕವು, ನಗಬಹುದಾದ ವಿಷಯ ಅದಾಗಿರಲಿಲ್ಲ. ನಾಲೆಯ ನೀರು ಹರಿಯುವ, ವರ್ಷಕ್ಕೆರಡು ಬೆಳೆ ತೆಗೆಯುವ ಊರಿಗೂ ಮಗಳನ್ನು ಕೊಡಲೊಲ್ಲೆವೆಂದು ತಂದೆತಾಯಿಗಳು ಹೇಳುತ್ತಿದ್ದಾರೆ. ಯಾವ ಸೂಚ್ಯಂಕವೂ ಹೇಳದ ತೀರ್ಪನ್ನು ಅವರು ಹೇಳಿಬಿಟ್ಟಿದ್ದಾರೆ: ನಮ್ಮ ಹಳ್ಳಿಯು ಹೆಣ್ಣುಮಗಳು ಬಾಳುವುದಕ್ಕೆ ಯೋಗ್ಯವಲ್ಲ.

ಈ ತೀರ್ಪಿನ ಹಿಂದೆ ಇನ್ನೂ ಕರಾಳವಾದ ಸಂಗತಿಯೊಂದಿದೆ. ೨೦೨೩ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವನ್ನಿರಿಸಿಕೊಂಡು ಗರ್ಭದ ಲಿಂಗವನ್ನು ಪತ್ತೆಮಾಡುತ್ತಿದ್ದುದು ಬಯಲಾಯಿತು. ಮರುವರ್ಷದ ಮೇ ತಿಂಗಳಲ್ಲಿ ಪಾಂಡವಪುರದಲ್ಲಿಯೇ ಹೆಣ್ಣುಭ್ರೂಣಹತ್ಯೆಯ ಮತ್ತೊಂದು ಪ್ರಕರಣ ಹೊರಬಿದ್ದಿತು. ಈ ಕೃತ್ಯವನ್ನು ನಿಷೇಧಿಸಿದ ಕಾಯಿದೆ ೧೯೯೪ರದು. ಬೆಲ್ಲ ಕಾಯಿಸುವ ಜಾಗದಲ್ಲಿ ಇಂಥ ಕೆಲಸ! ಹುಟ್ಟಗೊಡದ ಊರೇ, ಮುಂದೆ ಹೆಣ್ಣು ಸಿಕ್ಕಲಿಲ್ಲವೆಂದು ಬೆಟ್ಟ ಹತ್ತುತ್ತದೆ. ಚಾಡ್ವಿಕ್ಕನ ಮ್ಯಾಂಚೆಸ್ಟರು ಧನಿಕನಿಗೊಂದು, ಕೂಲಿಗೊಂದು ಊರಾಗಿದ್ದಂತೆ, ನಮ್ಮ ಹಳ್ಳಿಯೂ ಗಂಡಿಗೊಂದು, ಹೆಣ್ಣಿಗೊಂದು ಊರಾಗಿದೆ. ಕೆರೆಯ ಸೊಬಗನ್ನೂ ದೇವಾಲಯದ ಶಿಲ್ಪವನ್ನೂ ಹೊಗಳುವ ನಾವು ಈ ಮಾತನ್ನು ನುಂಗಿಕೊಳ್ಳದೆ ಹೇಳಬೇಕಾಗಿದೆ.

ಆದುದರಿಂದ ಯಾವ ಊರು ಮೇಲು ಎಂದು ಕೇಳುವವರು ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂದು ನಮ್ಮ ಅಭಿಪ್ರಾಯ. ಯಾರಿಗೆ ಮೇಲು? ಯಾರ ಖರ್ಚಿನಲ್ಲಿ ಮೇಲು? ಆ ಮೇಲ್ಮೆಯನ್ನು ನಾಳೆ ಕಾಪಾಡುವವರು ಯಾರು? ಈ ಮೂರಕ್ಕೂ ಉತ್ತರವಿಲ್ಲದ ಪಟ್ಟಿಯು ಮನೆ ಮಾರುವವರಿಗೆ ಉಪಯೋಗವಾದೀತು, ಮನೆ ನಡೆಸುವವರಿಗಲ್ಲ.

ಹಳ್ಳಿಗಳನ್ನು ಅಳೆಯುವ ಪ್ರಯತ್ನವೂ ಈಚೆಗೆ ಆರಂಭವಾಗಿದೆಯೆಂಬುದನ್ನು ಸಂತೋಷದಿಂದ ಒಪ್ಪಬೇಕು. ೨೦೨೫ರ ಏಪ್ರಿಲಿನಲ್ಲಿ ಕೇಂದ್ರದ ಪಂಚಾಯತಿರಾಜ್ ಮಂತ್ರಾಲಯವು ಎರಡು ಲಕ್ಷ ಹದಿನಾರು ಸಾವಿರಕ್ಕೂ ಮಿಕ್ಕ ಗ್ರಾಮ ಪಂಚಾಯತಿಗಳ ಪ್ರಗತಿಯ ಸೂಚ್ಯಂಕವನ್ನು ಪ್ರಕಟಿಸಿತು. ಅದರಲ್ಲಿ ಅತ್ಯುಚ್ಚ ದರ್ಜೆಯನ್ನು ಮುಟ್ಟಿದ ಪಂಚಾಯತಿ ಇಡೀ ದೇಶದಲ್ಲಿ ಒಂದೂ ಇಲ್ಲ. ಇದು ಹಳ್ಳಿಗರ ಅವಮಾನವೆಂದು ನಾವು ಭಾವಿಸುವುದಿಲ್ಲ. ಸಂವಿಧಾನದ ೭೩ನೆಯ ತಿದ್ದುಪಡಿಯು ೧೯೯೩ರಲ್ಲಿ ಜಾರಿಗೆ ಬಂದು, ಕುಡಿಯುವ ನೀರು, ಶಾಲೆ, ಆರೋಗ್ಯ, ರಸ್ತೆ ಮುಂತಾದ ಇಪ್ಪತ್ತೊಂಬತ್ತು ವಿಷಯಗಳನ್ನು ಪಂಚಾಯತಿಗೆ ವಹಿಸಬಹುದೆಂದು ಬರೆದಿತು. ಬರೆದದ್ದೆಷ್ಟು, ಹಣವನ್ನೂ ನೌಕರರನ್ನೂ ಕೂಡಿಸಿ ನಿಜವಾಗಿ ವಹಿಸಿದ್ದೆಷ್ಟು ಎಂಬುದನ್ನು ಅಧಿಕಾರಿಗಳೇ ಬಲ್ಲರು.

ಈ ಪತ್ರಿಕೆಯನ್ನೋದುವ ಅಧಿಕಾರಿ ಮಹಾಶಯರಿಗೆ ನಮ್ಮ ವಿಜ್ಞಾಪನೆ ದೊಡ್ಡದಲ್ಲ. ತೊಣ್ಣೂರಿನಂಥ ಸ್ಥಳಕ್ಕೆ ಪ್ರವಾಸಿಗಳಿಗಾಗಿ ಅಲಂಕಾರ ಮಾಡಿಸುವುದು ಬೇಡವೆನ್ನುವುದಿಲ್ಲ. ಆದರೆ ಆ ಮುಂಚೆ, ಅಲ್ಲಿಯ ಬಸುರಿ ಹೆಂಗಸಿಗೆ ರಾತ್ರಿ ನೋವು ಬಂದರೆ ಎಷ್ಟು ಹೊತ್ತಿನಲ್ಲಿ ವೈದ್ಯರ ಮುಖ ಕಾಣುವುದು ಸಾಧ್ಯ, ಪ್ರೌಢಶಾಲೆಯನ್ನು ಮುಗಿಸಿದ ಹುಡುಗಿ ಕಾಲೇಜಿಗೆ ಹೋಗಿ ಬೆಳಕಿರುವಾಗಲೇ ಮನೆ ಸೇರುವಂತೆ ಬಸ್ಸು ಇದೆಯೇ, ಕೆರೆಗೆ ಬರುವ ನೀರಿನ ಹಳ್ಳಗಳು ಒತ್ತುವರಿಯಾಗದೆ ಉಳಿದಿವೆಯೇ ಎಂಬ ಮೂರು ಸಂಗತಿಗಳನ್ನು ಖುದ್ದಾಗಿ ನೋಡಿ ಬರೆದಿಡಲಿ. ಪ್ರತಿ ತಾಲ್ಲೂಕಿನಲ್ಲಿಯೂ ಹೀಗೆ ಬರೆದಿಟ್ಟರೆ, ಅದೇ ನಮಗೆ ಬೇಕಾದ ಪಟ್ಟಿ. ಅದರಲ್ಲಿ ಮೊದಲನೆಯವರು ಯಾರೆಂಬುದು ಮುಖ್ಯವಲ್ಲ. ಈ ವರ್ಷ ಇಲ್ಲದ್ದು ಬರುವ ವರ್ಷ ಬಂದಿತೇ ಎಂಬುದು ಮುಖ್ಯ.

ವಿದ್ಯಾವಂತರಾದ ಪಟ್ಟಣಿಗರಿಗೂ ಒಂದು ಮಾತು. ನಮ್ಮಲ್ಲಿ ಬಹುಮಂದಿಯ ಬೇರು ಯಾವುದಾದರೊಂದು ಕೆರೆಯ ಕೆಳಗಿನ ಊರಿನಲ್ಲಿಯೇ ಇದೆ. ಹಬ್ಬಕ್ಕೆ ಹೋಗಿ, ಹೋಳಿಗೆಯುಂಡು, ಗಾಳಿ ಚೆನ್ನಾಗಿದೆಯೆಂದು ಹೊಗಳಿ ಬರುವಷ್ಟಕ್ಕೆ ನಮ್ಮ ಋಣ ತೀರಲಾರದು. ಗ್ರಾಮಸಭೆ ನಡೆಯುವ ದಿನ ಒಮ್ಮೆ ಹೋಗಿ ಕುಳಿತು, ಅಣ್ಣತಮ್ಮಂದಿರ ಪರವಾಗಿ ಲೆಕ್ಕ ಕೇಳುವುದು, ಅರ್ಜಿ ಬರೆದುಕೊಡುವುದು, ಅಕ್ಕತಂಗಿಯರ ಮಾತಿಗೆ ಬಾಯಾಗುವುದು ನಮ್ಮಿಂದಾಗದ ಕೆಲಸಗಳಲ್ಲ. ಓದು ಕೊಟ್ಟ ಊರಿಗೆ ಓದಿನಿಂದಲೇ ಸಲ್ಲಿಸಬಹುದಾದ ಸೇವೆಯಿದು.

ಅಂದು ಏರಿಯ ಮೇಲೆ ಮಾತಾಡಿದ ಹಿರಿಯರನ್ನು ಹೊರಡುವ ಮುನ್ನ ನಾವು ಮತ್ತೊಂದು ಪ್ರಶ್ನೆ ಕೇಳಿದೆವ: ಮಗ ಹಿಂದಿರುಗಿ ಬರುವನೇ? ಅವರು ಕೆರೆಯ ಕಡೆಗೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನೇನೋ ಬತ್ತೀನಿ ಅಂತಾನೆ ಸ್ವಾಮಿ. ಸೊಸೆ ಒಪ್ಪಬೇಕಲ್ಲ" ಎಂದರು. ಆ ಸೊಸೆಯು ಒಪ್ಪುವಂಥ ಊರನ್ನು ಮಾಡಿಕೊಡುವುದೇ ಈಗ ಸರ್ಕಾರದ, ಪಂಚಾಯತಿಯ, ನಮ್ಮೆಲ್ಲರ ಮುಂದಿರುವ ಕಾರ್ಯ. ಅದು ಕೈಗೂಡುವವರೆಗೆ ಯಾವ ಪಟ್ಟಿಯಲ್ಲಿ ಯಾವ ನಗರ ಎಷ್ಟನೆಯದೆಂಬ ಸುದ್ದಿಯನ್ನು ಕಂಡು ನಾವು ಹಿಗ್ಗಬೇಕಾದುದೂ ಇಲ್ಲ, ಕುಗ್ಗಬೇಕಾದುದೂ ಇಲ್ಲ.